ಖಮ್ಲಾಳ ಅಂಗಡಿಯ ಪೊಟ್ಟಣ

ಬೆಳಗಿನ ಅನ್ನ ಬೇಯುವಷ್ಟರಲ್ಲಿ ಬುಪ್ಪಾ ಎತ್ತರದ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಮಗ್ಗಕ್ಕೆ ಕೂರುತ್ತಿದ್ದಳು. ಅವಳು ನೇಯ್ದ ರೇಷ್ಮೆ ಉಡದೆ ಹಸೆ ಏರಿದ ಹುಡುಗಿ ಆ ಊರಿನಲ್ಲಿ ಅಪರೂಪ. ಅರವತ್ತು ದಾಟಿದ ಮೇಲೆ ಮಾತ್ರ ಮೊಣಕಾಲು ಹಟ ಹಿಡಿಯಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು.

ಮದ್ದು ಎದುರುಗಡೆಯೇ ಇತ್ತು. ಬಾಲ್ಯದ ಗೆಳತಿ ಖಮ್ಲಾಳ ಅಂಗಡಿಯಲ್ಲಿ, ಸಾಬೂನು ಮತ್ತು ಒಣಮೀನಿನ ನಡುವೆ ತೂಗುವ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಬಣ್ಣಬಣ್ಣದ ನಾಲ್ಕೈದು ಮಾತ್ರೆ. ಯಾವುದಕ್ಕೂ ಹೆಸರಿಲ್ಲ. ನುಂಗಿದರೆ ನೋವು ಮಂಗಮಾಯ. ನಾಟಿಗೆ ಇಳಿಯುವ ಹೆಂಗಸರೆಲ್ಲ ಅದನ್ನೇ ನುಂಗುತ್ತಿದ್ದರು, ಖಮ್ಲಾ ಕೂಡ.

ವರ್ಷಗಳು ಕಳೆದಂತೆ ಬುಪ್ಪಾಳ ಕೆನ್ನೆ ತುಂಬಿಕೊಂಡಿತು. “ಮುಖ ಹುಣ್ಣಿಮೆ ಚಂದ್ರ ಆಗಿದೆ ಕಣೇ, ಇನ್ನೊಂದು ಗಂಡು ನೋಡೋಣ್ವಾ?” ಎಂದು ಖಮ್ಲಾ ಕೀಟಲೆ ಮಾಡುತ್ತಿದ್ದಳು. ಕಾಲು ಊದುತ್ತಿದ್ದುದನ್ನು ಇಬ್ಬರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಇಳಿಸುವಾಗ ಬುಪ್ಪಾ ಮೆಟ್ಟಿಲ ಬುಡದಲ್ಲಿ ಕುಸಿದಳು. ಮಕ್ಕಳಾಗಿದ್ದರೆ ಧೂಳು ಕೊಡವಿ ಏಳುವಂಥ ಸಣ್ಣ ಪೆಟ್ಟು. ಆದರೆ ಅವಳ ತೊಡೆಮೂಳೆ ಸೊಂಟದ ಬಳಿ ಮುರಿದಿತ್ತು.

“ಅಜ್ಜಿ, ಮಾತ್ರೆ ಏನಾದ್ರೂ ತಗೋತಿದ್ರಾ?” ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು. ಮಗಳು ನಿತಾಯಾ ಪೊಟ್ಟಣದ ವಿಷಯ ಹೇಳಿಬಿಟ್ಟಳು.

ಡಾಕ್ಟರಮ್ಮ ಬೈಯಲಿಲ್ಲ. “ಅದರಲ್ಲಿರೋ ಒಂದು ಮಾತ್ರೆ ಮೂಳೇನ ಟೊಳ್ಳು ಮಾಡುತ್ತೆ, ಇನ್ನೊಂದು ಕಿಡ್ನಿ ಕೆಡಿಸುತ್ತೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಮೊದಲೇ ಸವೀತಿರುತ್ತೆ. ನಿಮಗೆ ಕಿಡ್ನೀನೂ ಸೊರಗಿದೆ, ಅದಕ್ಕೇ ಇಷ್ಟು ಸುಲಭಕ್ಕೆ ಮುರಿದಿದ್ದು.”

“ಕಿಡ್ನಿ ಹೋಗೇಬಿಡ್ತಾ, ತಾಯಿ?”

“ಇಲ್ಲ, ಉಳಿದಿರೋದನ್ನ ಕಾಪಾಡ್ಕೋಬಹುದು. ಆದ್ರೆ ಮೂಳೆ ಟೊಳ್ಳು ಮಾಡೋ ಆ ಮಾತ್ರೆನ ದಿಢೀರಂತ ಬಿಟ್ರೂ ಅಪಾಯ. ನಾವೇ ನಿಧಾನವಾಗಿ ಇಳಿಸ್ತೀವಿ.”

ಶಸ್ತ್ರಚಿಕಿತ್ಸೆಯ ಮರುದಿನವೇ ನರ್ಸ್ ಎದ್ದು ನಿಲ್ಲಲು ಹೇಳಿದಾಗ ಬುಪ್ಪಾ ಟವೆಲು ಕಚ್ಚಿಕೊಂಡು ನಿಂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಅವಳು ಕೂರಲಿಲ್ಲ. ಪಕ್ಕದ ಹಾಸಿಗೆಯ ಮುದುಕಿ ಅದನ್ನು ನೋಡಿ, “ನನ್ನನ್ನೂ ಎಬ್ಬಿಸಮ್ಮ” ಎಂದು ನರ್ಸನ್ನು ಕರೆದಳು. ಮನೆಗೆ ಬಂದ ಮೇಲೆ ಉಪ್ಪು ಕಿಡ್ನಿಗೆ ಆಗದೆಂದು, ಉಪ್ಪಲ್ಲಿ ಹುದುಗು ಬರಿಸಿದ, ತನಗೆ ಜೀವಕ್ಕಿಂತ ಹೆಚ್ಚಾಗಿದ್ದ ಮೀನನ್ನೂ ಬುಪ್ಪಾ ತಟ್ಟೆಯಿಂದ ದೂರ ಇಟ್ಟಳು.

“ಖಮ್ಲಾ ಅತ್ತೆ ಮೇಲೆ ದೂರು ಕೊಡ್ತೀನಿ” ಎಂದು ನಿತಾಯಾ ಕುದಿಯುತ್ತಿದ್ದಳು.

“ವಿಷ ಅಂತ ಗೊತ್ತಿದ್ದು ಕೊಟ್ಲೇನೇ? ಅವಳೂ ಅದನ್ನೇ ನುಂಗ್ತಾಳೆ. ಮೊದಲು ನಾನು ಹೋಗಿ ಅವಳನ್ನ ನೋಡ್ಬೇಕು.”

ಊರುಗೋಲು ಹಿಡಿದು ಬುಪ್ಪಾ ಬೀದಿ ದಾಟಿದಳು. ಖಮ್ಲಾ ಗಲ್ಲಾದಿಂದ ಏಳಲೇ ಇಲ್ಲ.

“ಬೈಯೋಕೆ ಬಂದ್ಯಾ? ಬೈದುಬಿಡು. ಆದ್ರೆ ನಾಟಿ ಟೈಮಲ್ಲಿ ಆಸ್ಪತ್ರೆ ಸಾಲಲ್ಲಿ ಕೂರೋಕೆ ಯಾರಿಗಿದೆ ಪುರುಸೊತ್ತು? ಈ ಪೊಟ್ಟಣ ಇಲ್ದಿದ್ರೆ ಅರ್ಧ ಊರು ಹಾಸಿಗೆ ಹಿಡೀತಿತ್ತು!”

“ನಾನು ಹಿಡಿದೆನಲ್ಲೇ.”

ಬುಪ್ಪಾ ಬೆಂಚಿನ ಮೇಲೆ ಕೂತು ಅಂದಳು: “ಕಾಲು ತೋರಿಸು.”

“ಏನಾಗಿದೆ ನನ್ನ ಕಾಲಿಗೆ?”

“ತೋರಿಸೇ, ಬಿನ್ನಾಣಗಿತ್ತಿ!”

ಖಮ್ಲಾಳ ಕಾಲನ್ನು ಪಕ್ಕಕ್ಕೆಳೆದುಕೊಂಡು ಬುಪ್ಪಾ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. “ನನ್ನ ಕಾಲೂ ಹಿಂಗೇ ಇತ್ತು, ಕಿಡ್ನಿ ಕೆಟ್ಟಿದೆ ಅಂದ್ರು.” ಖಮ್ಲಾ ಅದನ್ನೇ ದಿಟ್ಟಿಸಿದಳು.

“ನನಗೂ ಹಂಗೇ ಆಗಿದೆಯಾ, ಬುಪ್ಪಾ?”

“ನಂಗೇನು ಗೊತ್ತು? ರಕ್ತ ನೋಡಿ ಡಾಕ್ಟ್ರು ಹೇಳ್ಬೇಕು. ನಾನೂ ಜೊತೆಗೆ ಬರ್ತೀನಿ.”

ಅಷ್ಟರಲ್ಲಿ ಗದ್ದೆಗೆ ಹೊರಟ ಹೆಂಗಸೊಬ್ಬಳು ಕೈ ಚಾಚಿದಳು. “ಖಮ್ಲಕ್ಕಾ, ಒಂದು ಪೊಟ್ಟಣ.”

ಖಮ್ಲಾ ತೂಗುತ್ತಿದ್ದ ಸರವನ್ನು ಪೂರಾ ಇಳಿಸಿ ತನ್ನ ಚೀಲಕ್ಕೆ ತುರುಕಿದಳು. “ಇದನ್ನ ಡಾಕ್ಟ್ರಿಗೆ ತೋರಿಸೋಕೆ ಹೋಗ್ತಿದೀವಿ. ನೀನೂ ಆಸ್ಪತ್ರೆ ಕಡೆ ಹೋಗೋ ವ್ಯಾನು ಹತ್ತು.”

ರಕ್ತಪರೀಕ್ಷೆಯ ಕೋಣೆಯಲ್ಲಿ ಖಮ್ಲಾಳ ಹೆಸರು ಕೂಗಿದರು. ಊರಿಗೆಲ್ಲ ಮಾತ್ರೆ ಹಂಚಿದ ಕೈ ಸೂಜಿ ಕಂಡು ಹಿಂದಕ್ಕೆ ಸರಿಯಿತು. ಬುಪ್ಪಾ ಊರುಗೋಲನ್ನು ಗೋಡೆಗೆ ಒರಗಿಸಿ, ತನ್ನೆರಡು ಕಾಲ ಮೇಲೆ ನೆಟ್ಟಗೆ ನಿಂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.