ಯಾರನ್ ಕೇಳಿ ಕುಣ್ದೆ

ಹಾಡು ಒಂದನೇ ನಂಬರಿಗೆ ಬಂದ ಸುದ್ದಿ ತಿಳಿದಾಗ ಭವ್ಯಶ್ರೀಯ ಹಲ್ಲಿನ ನಡುವೆ ದಾರ ಇತ್ತು. ರಿಪ್ಪನ್‌ಪೇಟೆಯ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಅವಳ ಬ್ಯೂಟಿ ಪಾರ್ಲರು. ಕುರ್ಚಿಯಲ್ಲಿ ಅಂಗನವಾಡಿ ಟೀಚರೊಬ್ಬರು ಕಣ್ಣು ಮುಚ್ಚಿ ಒರಗಿದ್ದರು. ಒಂದು ಹುಬ್ಬು ಮುಗಿದು ಇನ್ನೊಂದು ಬಾಕಿ ಇತ್ತು. ಮೇಜಿನ ಮೇಲೆ ಫೋನು ಗುರುಗುಟ್ಟುತ್ತ ಬಾಚಣಿಗೆಗಳ ನಡುವೆ ಸರಿದಾಡತೊಡಗಿತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಮಾರಾಯ್ತಿ, ಒಂದನೇ ನಂಬರು! ಕನ್ನಡ ಹಾಡುಗಳ ಪಟ್ಟೀಲಿ ನಾವು ಒಂದನೇ ನಂಬರು! ಸಿನಿಮಾ ಹಾಡೆಲ್ಲ ನಮ್ಮ ಕೆಳಗಿದಾವೆ!" ಸಾಗರದಿಂದ ಗೆಳೆಯ ಅಶ್ವಿನ್ ಕೂಗುತ್ತಿದ್ದ.

ಭವ್ಯಶ್ರೀ ದಾರ ಉಗುಳಿದಳು. "ಸುಳ್ಳು ಹೇಳಿದ್ರೆ ಸಾಗರಕ್ಕೇ ಬಂದು ಹೊಡಿತೀನಿ."

"ನೀನೇ ಆ್ಯಪ್ ತೆಗೆದು ನೋಡೆ."

ತೆಗೆದು ನೋಡಿದಳು. ನಿಜ. ಎಲ್ಲಕ್ಕಿಂತ ಮೇಲೆ ಅವಳ ಹಾಡು, ಪಕ್ಕದಲ್ಲಿ ಅವಳು ಇಟ್ಟುಕೊಂಡ ಹೆಸರು: ರಿಪ್ಪನ್ ರಾಣಿ. ಕುರ್ಚಿಯಲ್ಲಿದ್ದ ಟೀಚರು ಒಂದು ಕಣ್ಣು ಬಿಟ್ಟು ಅವಳನ್ನೇ ದಿಟ್ಟಿಸಿದರು.

"ಆ 'ನನ್ನೇ ಕೇಳಿ ಕುಣ್ದೆ' ಹಾಡಾ? ಅದು ನಿಂದಾ? ನಮ್ಮ ಮಕ್ಳು ಊಟಕ್ಕೆ ಕೂತಾಗ್ಲೂ ಅದನ್ನೇ ಒದರ್ತಾವಲ್ಲೆ!"

"ನಂದೇ ಅಕ್ಕ. ಕಣ್ಮುಚ್ಚಿ, ಇನ್ನೊಂದು ಹುಬ್ಬಿದೆ," ಎಂದಳು ಭವ್ಯಶ್ರೀ. ದಾರ ಎಳೆಯುತ್ತಲೇ ಮತ್ತೊಮ್ಮೆ ಫೋನಿನ ಕಡೆ ನೋಡಿದಳು. ಆ ಹುಬ್ಬು ಸ್ವಲ್ಪ ತೆಳ್ಳಗಾಯಿತು.

ಅಷ್ಟರಲ್ಲಾಗಲೇ ಆ ಹಾಡು ಕೇಳದ ಕಿವಿ ಮೂರು ತಾಲೂಕಿನಲ್ಲಿ ಇರಲಿಲ್ಲ. ಮೆಹಂದಿ ಶಾಸ್ತ್ರ, ಕಾಲೇಜ್ ಡೇ, ಗಣಪತಿ ಬಿಡುವ ಮೆರವಣಿಗೆ, ಶಿವಮೊಗ್ಗದ ಖಾಸಗಿ ಬಸ್ಸು, ಎಲ್ಲಿ ಹೋದರೂ ಅದೇ. ಒಬ್ಬರು ಪ್ರಶ್ನೆ ಎಸೆಯಬೇಕು, ಉಳಿದವರೆಲ್ಲ ಕೈ ಮೇಲೆತ್ತಿ ಉತ್ತರ ಕೂಗಬೇಕು:

ಯಾರನ್ ಕೇಳಿ ಬಂದೆ? ನನ್ನೇ ಕೇಳಿ ಬಂದೆ!
ಯಾರನ್ ಕೇಳಿ ಕುಣ್ದೆ? ನನ್ನೇ ಕೇಳಿ ಕುಣ್ದೆ!

ಕುಣಿಯುವವರಿಗೆ ಅದು ಬರೀ ಪಾರ್ಟಿ ಹಾಡು. ಆದರೆ ಆ ಪ್ರಶ್ನೆ ಭವ್ಯಶ್ರೀ ಕಟ್ಟಿದ್ದಲ್ಲ. ತೀರ್ಥಹಳ್ಳಿಯ ಹತ್ತಿರದ ಗಂಡನ ಮನೆಯಲ್ಲಿ ಅದು ದಿನವೂ ಅವಳ ಮೇಲೆ ಬೀಳುತ್ತಿತ್ತು.

ಗಂಡ ಪೂರ್ಣೇಶ್ ಕೆಟ್ಟವನೆಂದು ಯಾರೂ ಹೇಳುವಂತಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಮೆಲ್ಲಗೆ ಕೇಳುತ್ತಿದ್ದ, ಅಷ್ಟೆ. ಪೇಟೆಗೆ ಹೋಗಿ ಬಂದರೆ, "ಯಾರನ್ನ ಕೇಳಿ ಹೋದೆ?" ಕೂದಲು ಒಂದು ಗೇಣು ಕತ್ತರಿಸಿಕೊಂಡರೆ, "ಯಾರನ್ನ ಕೇಳಿ ಕತ್ತರಿಸ್ದೆ?" ಅವನು ಮರೆತರೆ ಅವನ ತಾಯಿ ಕೇಳುತ್ತಿದ್ದರು, ತಾಯಿ ಮಲಗಿದ್ದರೆ ಸೋದರಮಾವ ಕನ್ನಪ್ಪ ಕೇಳುತ್ತಿದ್ದರು. ಮದುವೆಗೆ ಮೊದಲು ಸಾಗರದ ಕಾಲೇಜಿನಲ್ಲಿ ಮೈಕು ಸಿಕ್ಕರೆ ಬಿಡದೆ, ಉಸಿರು ತೆಗೆದುಕೊಳ್ಳದೆ ಪ್ರಾಸ ಕಟ್ಟಿ ಎದುರಿನವರನ್ನು ಬೆವರಿಳಿಸುತ್ತಿದ್ದ ಹುಡುಗಿ ಅವಳು. ಆ ಮನೆಯಲ್ಲಿ ಅವಳ ಬಾಯಿಗೆ ಮಾತೇ ಬರದಂತಾಯಿತು.

ಕೊನೆಗೊಂದು ದಿನ ಯಾರದೋ ಮದುವೆಯಲ್ಲಿ ಹೆಂಗಸರೆಲ್ಲ ಎಳೆದರೆಂದು ಅವಳೂ ಕುಣಿದಳು. ವಾಪಸು ಬರುವಾಗ ಕಾರಿನಲ್ಲಿ ಪೂರ್ಣೇಶ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಯಾರನ್ನ ಕೇಳಿ ಕುಣ್ದೆ?"

ಮಾರನೆಯ ಬೆಳಿಗ್ಗೆ ಭವ್ಯಶ್ರೀ ಬ್ಯಾಗು ಹಿಡಿದು ರಿಪ್ಪನ್‌ಪೇಟೆ ಬಸ್ಸು ಹತ್ತಿದಳು. ಮತ್ತೆ ಆ ಹೊಸಿಲು ತುಳಿಯಲಿಲ್ಲ.

ವಿಚ್ಛೇದನದ ಆದೇಶ ಕೈಗೆ ಬಂದ ದಿನ ಅವಳು ಅಳಲಿಲ್ಲ. ನೇರ ಸಾಗರಕ್ಕೆ, ಕಾಲೇಜಿನ ಗೆಳೆಯ ಅಶ್ವಿನನ ಸೌಂಡ್ಸ್ ಅಂಗಡಿಗೆ ಹೋದಳು. ಮದುವೆ, ಜಾತ್ರೆಗಳಿಗೆ ಸ್ಪೀಕರು, ಲೈಟು ಬಾಡಿಗೆಗೆ ಕೊಡುವ ಅಂಗಡಿ ಅದು. ಹಿಂದಿನ ಕೋಣೆಯ ಗೋಡೆಗೆ ಹಳೇ ಹಾಸಿಗೆ ತೂಗುಹಾಕಿ ಅವನು ಕಂಪ್ಯೂಟರಿನಲ್ಲಿ ತಾಳ ಕಟ್ಟುತ್ತ ಕೂರುತ್ತಿದ್ದ. ಅವನ ಹೆಂಡತಿ ಸುಷ್ಮಾ ಪಫ್ಸು, ಸೋಡಾ ತಂದಿಟ್ಟು, "ಹೋದ್ರೆ ಹೋಗ್ಲಿ ಬಿಡೆ. ಇವತ್ತು ಪಾರ್ಟಿ ಮಾಡುವ," ಎಂದಳು. ಅಶ್ವಿನ್ ಒಂದು ತಾಳ ಹಾಕಿದ. ಭವ್ಯಶ್ರೀ ಸುಮ್ಮನೆ ಅತ್ತೆಯ ದನಿಯಲ್ಲಿ ಕೇಳಿದಳು, "ಯಾರನ್ ಕೇಳಿ ಬಂದೆ?" ತನ್ನ ದನಿಯಲ್ಲಿ ಉತ್ತರಿಸಿದಳು, "ನನ್ನೇ ಕೇಳಿ ಬಂದೆ!" ಸುಷ್ಮಾಳ ಮೂಗಿನಿಂದ ಸೋಡಾ ಹೊರಗೆ ಬಂತು. ಆವತ್ತು ಸಂಜೆಯಾಗುವುದರೊಳಗೆ ಹಾಡು ತಯಾರಾಗಿತ್ತು.

ಇಂಟರ್ನೆಟ್ಟಿಗೆ ಬಿಟ್ಟ ಹೊಸದರಲ್ಲಿ ಅದನ್ನು ಕೇಳಿದವರು ಬೆರಳೆಣಿಕೆಯ ಜನ. ಆಮೇಲೆ ಎಲ್ಲಿಯದೋ ಒಂದು ಅರಿಶಿನ ಶಾಸ್ತ್ರದಲ್ಲಿ ಮದುಮಗಳ ಚಿಕ್ಕಮ್ಮಂದಿರು ಸೆರಗು ಸಿಕ್ಕಿಸಿಕೊಂಡು ಅದಕ್ಕೆ ಕುಣಿದ ವಿಡಿಯೊ ಹಬ್ಬಿತು. ಅಲ್ಲಿಂದ ಹಾಡನ್ನು ಹಿಡಿಯುವವರಿರಲಿಲ್ಲ.

ಒಂದನೇ ನಂಬರು ಬಂದ ಮೇಲೆ ಯಾವುದೋ ವೆಬ್ ಚಾನೆಲ್ಲಿನ ಹುಡುಗಿ ಮೈಕು ಹಿಡಿದು ಪಾರ್ಲರಿನ ಮೆಟ್ಟಿಲು ಹತ್ತಿದಳು. ಅಲ್ಲಿಯವರೆಗೆ ಟೋಪಿ, ಕಪ್ಪು ಕನ್ನಡಕದಲ್ಲೇ ಕಾಣಿಸುತ್ತಿದ್ದ ಭವ್ಯಶ್ರೀ ಈ ಸಲ ಎರಡನ್ನೂ ತೆಗೆದಿಟ್ಟು ಕೂತಳು.

"ಈ ಸಾಲು ಹೇಗೆ ಹೊಳೀತು ಮೇಡಂ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. "ನನ್ನ ಗಂಡನ ಮನೇಲಿ ದಿನಾ ಕೇಳ್ತಿದ್ದ ಪ್ರಶ್ನೆ ಅದು. ಆಗ ಉತ್ತರ ಬಾಯಿಗೆ ಬರ್ತಿರ್ಲಿಲ್ಲ. ಈಗ ಬರ್ತದೆ," ಎಂದಳು. ಯಾರ ಹೆಸರನ್ನೂ ಎತ್ತಲಿಲ್ಲ.

ಎತ್ತುವ ಅಗತ್ಯವೂ ಬೀಳಲಿಲ್ಲ. ಆ ಹೊತ್ತಿಗೆ ಪೂರ್ಣೇಶನಿಗೆ ಎರಡನೇ ಮದುವೆ ಗೊತ್ತಾಗಿತ್ತು. ಹುಡುಗಿ ತೀರ್ಥಹಳ್ಳಿಯ ಕಡೆಯವಳೇ, ದೀಪಶ್ರೀ ಎಂದು. ನಿಶ್ಚಿತಾರ್ಥದ ಸಂಜೆ ಡಿಜೆ ಇದೇ ಹಾಡು ಹಾಕಿದ್ದ, ಹಾಡಿದವಳು ಯಾರೆಂದು ತಿಳಿಯದ ಪೂರ್ಣೇಶ್ ಶೇರ್ವಾನಿಯ ತೋಳು ಮೇಲೇರಿಸಿ, "ನನ್ನೇ ಕೇಳಿ ಕುಣ್ದೆ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ. ಆ ವಿಡಿಯೊವನ್ನೂ ಭವ್ಯಶ್ರೀಯ ಮಾತನ್ನೂ ಯಾರೋ ಪುಣ್ಯಾತ್ಮರು ಒಟ್ಟು ಸೇರಿಸಿ ಬಿಟ್ಟರು. ಹೊಸನಗರದಿಂದ ಕಾರ್ಗಲ್‌ವರೆಗೆ ಜನ ಬಿದ್ದು ಬಿದ್ದು ನಕ್ಕರು.

ಭಾನುವಾರ ಬೆಳಿಗ್ಗೆ ಕನ್ನಪ್ಪ ಭವ್ಯಶ್ರೀಯ ತವರಿಗೆ ಬಂದರು, ಜೊತೆಗೆ ಇನ್ನಿಬ್ಬರು ಹಿರಿಯರು. ಅಪ್ಪ ಗಿರಿಯಪ್ಪ ಎದ್ದು ಕುರ್ಚಿ ಕೊಟ್ಟರು. ಅಮ್ಮ ವಿಶಾಲಮ್ಮ ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತರು.

"ಗಿರಿಯಪ್ಪ, ಮಾತು ಉದ್ದ ಮಾಡಲ್ಲ," ಎಂದರು ಕನ್ನಪ್ಪ. "ಆ ಹಾಡು ತೆಗೀಬೇಕು. ಅದು ಸುಮ್ನೆ ಕಲ್ಪನೆ, ನಮ್ಮ ಮನೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಇವಳು ವಿಡಿಯೊ ಮಾಡಿ ಹಾಕ್ಬೇಕು. ಮದುವೆ ಹತ್ತಿರ ಬಂತು."

ಗಿರಿಯಪ್ಪ ಮಗಳ ಕಡೆ ನೋಡಿದರು.

"ಹಾಡಲ್ಲಿ ಯಾರ ಹೆಸ್ರೂ ಇಲ್ಲ ಮಾವ," ಎಂದಳು ಭವ್ಯಶ್ರೀ. "ಇದು ನಮ್ಮನೇ ಮಾತು ಅಂತ ಗುರುತು ಹಿಡಿದವ್ರು ನೀವೇ."

"ನಾಲಿಗೆ ಬಹಳ ಉದ್ದ ಆಯ್ತು ಹುಡ್ಗಿ."

"ನಿಮ್ಮನೇಲಿ ಮಡಚಿಟ್ಟಿದ್ದೆ. ಈಗ ಬಿಚ್ಚಿದೀನಿ. ಹಾಡು ತೆಗಿಯಲ್ಲ. ಸುಳ್ಳು ಹೇಳಿ ವಿಡಿಯೊನೂ ಮಾಡಲ್ಲ."

ಕನ್ನಪ್ಪ ಕಾಫಿ ಮುಟ್ಟದೆ ಎದ್ದರು. "ತೀರ್ಥಳ್ಳಿ ಯುವಕರ ಸಂಘದೋರು ನಿನ್ನ ಹಾಡಿನ ಕಾರ್ಯಕ್ರಮ ಇಟ್ಕೊಂಡಿದ್ದಾರಂತಲ್ಲ. ಹೇಗೆ ನಡಿತದೆ ನೋಡ್ತೀನಿ."

ಅವರ ಜೀಪು ಹೋದ ಮೇಲೆ ಗಿರಿಯಪ್ಪ ದಣಪೆಯ ಅಡ್ಡಗಳು ಎಳೆದು ದಾರಿ ಮುಚ್ಚಿ ಬಂದು ಕೂತರು. ಮಗಳು ಗಂಡನನ್ನು ಬಿಟ್ಟು ಬಂದಾಗ ಒಂದು ಮಾತೂ ಆಡದೆ ಒಳಗೆ ಕರೆದುಕೊಂಡವರು ಅವರು. ಊರಿನವರ ಪ್ರಶ್ನೆಗಳನ್ನೆಲ್ಲ ಸೊಸೈಟಿಯ ಕಟ್ಟೆಯ ಮೇಲೆ ಒಬ್ಬರೇ ಕೂತು ನುಂಗಿದವರು. ಈಗ ದಣಿದಿದ್ದರು.

"ತೆಗೆದುಬಿಡು ಮಗಾ," ಎಂದರು. "ಹೆಸ್ರು ಬಂತಲ್ಲ, ಸಾಕು. ನಾಳೆ ನಾಲ್ಕು ಜನದ ಮುಂದೆ ನಾನು ತಿರುಗಾಡೋದು ಬೇಡ್ವಾ?"

ಕನ್ನಪ್ಪನಿಗೆ ಉತ್ತರ ಕೊಡುವುದು ಸುಲಭವಿತ್ತು. ಇದು ಕಷ್ಟವಾಯಿತು. ಭವ್ಯಶ್ರೀ ಅಪ್ಪನ ಕುರ್ಚಿಯ ಪಕ್ಕ ಕೂತಳು. "ಅಪ್ಪಯ್ಯ, ನಿಮ್ಗೆ ನೋವು ಮಾಡ್ಬೇಕು ಅಂತಿಲ್ಲ. ಆದ್ರೆ ಇದನ್ನ ತೆಗೆದ್ರೆ ನಾನು ಇನ್ನೂ ಆ ಮನೇಲೇ ಇದ್ದ ಹಾಗೆ. ತೆಗಿಯಲ್ಲ."

"ಹಾಗಾದ್ರೆ ನಿನ್ನಿಷ್ಟ," ಎಂದು ಗಿರಿಯಪ್ಪ ಎದ್ದು ಒಳಗೆ ಹೋದರು. ಆ ದಿನವೇ ಅವಳು ಎರಡು ಜೊತೆ ಬಟ್ಟೆ ತೆಗೆದುಕೊಂಡು ಪಾರ್ಲರಿನ ಹಿಂದಿನ ಕೋಣೆಗೆ ಬಂದುಬಿಟ್ಟಳು.

ಬುಧವಾರ ಮಧ್ಯಾಹ್ನ ಪಾರ್ಲರಿನ ಗಾಜಿನ ಬಾಗಿಲು ತಳ್ಳಿಕೊಂಡು ಎತ್ತರದ ಹುಡುಗಿಯೊಬ್ಬಳು ಬಂದಳು. ಭವ್ಯಶ್ರೀ ವಿಡಿಯೊದಲ್ಲಿ ನೋಡಿದ್ದ ಮುಖ. ದೀಪಶ್ರೀ.

"ಫೇಶಿಯಲ್‌ಗೆ ಬಂದಿಲ್ಲ," ಎಂದಳು ಆಕೆ, ನಿಂತೇ. "ನನ್ನ ಮದುವೇನ ಊರಿಗೆಲ್ಲ ನಗೆಪಾಟಲು ಮಾಡಿದ್ರಲ್ಲ, ಅವ್ರ ಮುಖ ನೋಡ್ಬೇಕಿತ್ತು."

"ನೋಡಿ," ಎಂದಳು ಭವ್ಯಶ್ರೀ. "ನಿಮ್ಮ ಮದುವೆ ಗೊತ್ತಾಗೋಕೆ ಎಷ್ಟೋ ಮೊದ್ಲು ಕಟ್ಟಿದ ಹಾಡು ಅದು. ನಿಮ್ಮನ್ನ ನೋಯಿಸೋಕಲ್ಲ. ಆದ್ರೆ ತಪ್ಪಾಯ್ತು ಅಂತ ಹೇಳಲ್ಲ."

ದೀಪಶ್ರೀ ಕೂತಳು. ಸ್ವಲ್ಪ ಹೊತ್ತು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. "ನಿಜವಾಗ್ಲೂ ಕೇಳ್ತಿದ್ರಾ? ಹಾಡಲ್ಲಿರೋ ಹಾಗೆ ಕೂದ್ಲು ಕತ್ತರಿಸಿದ್ಕೂ?"

"ಕೇಳ್ತಿದ್ರು."

"ಈ ಮದುವೆ ಬೇಡ ಅಂತ ನೀವು ಹೇಳ್ತೀರಿ ಅಂದ್ಕೊಂಡಿದ್ದೆ."

"ಅದನ್ನ ಹೇಳೋಕೆ ನಾನ್ಯಾರು?"

ದೀಪಶ್ರೀ ಮೊದಲ ಬಾರಿಗೆ ನಕ್ಕಳು, ಸಿಹಿಯಾಗೇನಲ್ಲ. "ನಾನು ಮದುವೆ ಆಗ್ತೀನಿ. ನಂಗೆ ಅವ್ರು ಇಷ್ಟ. ಆದ್ರೆ ಒಂದು ತಿಳ್ಕೊಳ್ಳಿ. ಇನ್ನು ಆ ಮನೇಲಿ ಆ ಪ್ರಶ್ನೆ ಕೇಳೋ ಧೈರ್ಯ ಯಾರಿಗೂ ಇಲ್ಲ. ಬಾಯಿ ತೆಗೆದ್ರೆ ಸಾಕು, ಬೀದೀಲಿ ಹೋಗೋ ಮಕ್ಳೂ ಉತ್ತರ ಕೂಗ್ತಾವೆ. ಅಷ್ಟು ಮಟ್ಟಿಗೆ ನಂಗೆ ಉಪಕಾರ ಆಯ್ತು. ಅದಕ್ಕೆ ಥ್ಯಾಂಕ್ಸ್ ಹೇಳಲ್ಲ."

"ಬೇಡ," ಎಂದಳು ಭವ್ಯಶ್ರೀ. ಆಕೆ ಹೋದ ಮೇಲೆ ಕುರ್ಚಿಯಲ್ಲಿ ಕೂತು, ಎಷ್ಟೋ ದಿನಗಳ ನಂತರ, ಕಣ್ಣು ತುಂಬಿ ಅತ್ತಳು. ದುಃಖಕ್ಕೋ ಸಮಾಧಾನಕ್ಕೋ ಅವಳಿಗೇ ತಿಳಿಯಲಿಲ್ಲ.

ಕನ್ನಪ್ಪ ಆಡಿದ್ದನ್ನು ಮಾಡಿ ತೋರಿಸಿದರು. ತೀರ್ಥಹಳ್ಳಿಯ ಯುವಕರ ಸಂಘದವರು ಫೋನು ಮಾಡಿ, "ಮೈದಾನ ಸಿಕ್ಕಿಲ್ಲ ಅಕ್ಕ, ಮುಂದಿನ ವರ್ಷ ನೋಡುವ," ಎಂದು ತಡವರಿಸಿದರು. ಕಲ್ಯಾಣ ಮಂಟಪದವರು ಬುಕ್ಕಾಗಿದೆ ಎಂದರು.

"ಸಾಗರದಲ್ಲೇ ಮಾಡುವ," ಎಂದ ಅಶ್ವಿನ್. "ಇಲ್ಲಿ ನಮ್ಮನ್ನ ತಡಿಯೋರಿಲ್ಲ."

"ತಡಿಯೋರಿಲ್ಲದ ಕಡೆ ಯಾಕೆ? ತೀರ್ಥಳ್ಳೀಲೇ ಮಾಡ್ಬೇಕು."

ಜಾಗ ಕೊಟ್ಟವರು ಹೂವಪ್ಪ. ತೀರ್ಥಹಳ್ಳಿಯ ಹೊರಗೆ ಅವರದೊಂದು ಅಕ್ಕಿ ಗಿರಣಿ, ಎದುರಿಗೆ ಲಾರಿಗಳು ತಿರುಗುವಷ್ಟು ಅಂಗಳ. ಭವ್ಯಶ್ರೀ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಕನ್ನಪ್ಪ ಗೌಡರು ಸಿಟ್ಟಾಗುತ್ತಾರೆ ಎಂದೂ ಹೇಳಿದಳು. ಹೂವಪ್ಪ ಎಲೆಯಡಿಕೆ ಉಗಿದು ಬಂದು ಕೂತರು.

"ನಮ್ಮಪ್ಪ ಅವ್ರ ಗದ್ದೇನ ಗೇಣಿಗೆ ಮಾಡ್ತಿದ್ರು ತಂಗಿ. ಮನೆಗೆ ಹೆಂಚು ಹಾಕೋಕೂ ಅವ್ರನ್ನ ಕೇಳ್ಬೇಕಿತ್ತು. ಈಗ ಗದ್ದೆ ನಮ್ದು, ಗಿರಣಿ ನಮ್ದು. ಅಂಗಳ ಗುಡಿಸಿ ಕೊಡ್ತೀನಿ, ಬನ್ನಿ."

ಧ್ವನಿವರ್ಧಕದ ಅನುಮತಿಗೆ ಅವಳೇ ಪೊಲೀಸ್ ಠಾಣೆಗೆ ಹೋದಳು. ಅರ್ಜಿ ನೋಡಿ ಸಬ್ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. "ಯಾರನ್ನೂ ಕೇಳಲ್ಲ ಅಂತ ಹಾಡ್ತೀರಿ, ಇಲ್ಲಿ ಬಂದು ಕೇಳ್ತಿದೀರಲ್ಲಮ್ಮ?"

"ಕುಣಿಯೋಕೆ ಕೇಳಲ್ಲ ಸಾರ್. ಮೈಕಿಗೆ ಕೇಳ್ತೀನಿ."

ಸಂಜೆ ಆರರೊಳಗೆ ಮುಗಿಸಬೇಕೆಂದು ಹೇಳಿ ಸಹಿ ಹಾಕಿದರು.

ಕಾರ್ಯಕ್ರಮದ ಶನಿವಾರ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಯಾರೂ ಬಾರದಿದ್ದರೆ ಎಂಬ ಅಳುಕಿನಲ್ಲಿ ಭವ್ಯಶ್ರೀ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದಳು. ಮೊದಲು ಕಾಲೇಜಿನ ಹುಡುಗರು ಬಂದರು. ಆಮೇಲೆ ಆಟೊಗಳಲ್ಲಿ, ಪಿಕಪ್ಪುಗಳಲ್ಲಿ ಹೆಂಗಸರು ಬಂದಿಳಿದರು. ಸ್ವಸಹಾಯ ಸಂಘದವರು, ಆಶಾ ಕಾರ್ಯಕರ್ತೆಯರು, ಕೂಸನ್ನು ಸೊಂಟಕ್ಕೇರಿಸಿಕೊಂಡವರು. ಹೂವಪ್ಪನವರ ತಾಯಿ ದುಗ್ಗಮ್ಮ ಗಿರಣಿಯ ಜಗಲಿಯ ಮೇಲೆ ಮುಂದಿನ ಜಾಗ ಹಿಡಿದು ಕೂತಿದ್ದರು. ಗೇಟಿನ ಹತ್ತಿರ ಕನ್ನಪ್ಪನ ಕಡೆಯ ನಾಲ್ಕೈದು ಗಂಡಸರು ಕೈಕಟ್ಟಿ ನಿಂತು, ಯಾರು ಯಾರು ಬಂದರೆಂದು ನೋಡುತ್ತಿದ್ದರು. ಒಳಗೆ ಬರುವ ಕೆಲವು ಹೆಂಗಸರು ಅವರನ್ನು ಕಂಡು ಹೆಜ್ಜೆ ತಡೆದರು.

ಲಾರಿಯ ಮೇಲೆ ಕಟ್ಟಿದ ವೇದಿಕೆಯಿಂದ ಭವ್ಯಶ್ರೀ ಅದನ್ನು ಕಂಡಳು. ಟೋಪಿ ಇಲ್ಲ, ಕನ್ನಡಕ ಇಲ್ಲ. ಮೈಕು ಹಿಡಿದಳು.

"ಗೇಟಿನ ಹತ್ರ ನಿಂತ ಅಣ್ಣಂದಿರೇ, ಒಳಗೆ ಬನ್ನಿ, ನೆರಳಿದೆ. ನೀವು ಬಂದೋರ ಹೆಸ್ರು ಬರ್ಕೊಂಡು ಹೋಗ್ಬೇಕು ಅಂತಿದ್ರೆ ನಂದು ಮೊದ್ಲು ಬರ್ಕೊಳ್ಳಿ. ನಾನು ಗಿರಿಯಪ್ಪನ ಮಗಳು ಭವ್ಯಶ್ರೀ. ಗಂಡನ್ನ ಬಿಟ್ಟೋಳು. ಈ ಹಾಡು ನಂದು. ನಾನು ಬದುಕಿದ್ದು ಹೇಗೆ ಅಂತ ನಾನು ಹೇಳ್ತೀನಿ, ಬೇರೆಯವ್ರು ಹೇಳ್ಬೇಕಾಗಿಲ್ಲ."

ಜಗಲಿಯಿಂದ ದುಗ್ಗಮ್ಮ, "ಸಾಕು ಭಾಷಣ, ಹಾಡೆ!" ಎಂದು ಗದರಿದರು. ನಗು ಎದ್ದಿತು. ಅಶ್ವಿನ್ ತಾಳ ಬಿಟ್ಟ. ಗಿರಣಿಯ ತಗಡು ಅದುರಿತು. ಪ್ರಶ್ನೆ ಅವಳ ಬಾಯಿಂದ ಹೊರಟಿತು, ಉತ್ತರ ಅಂಗಳದಿಂದ ಬಂತು, ಮತ್ತೆ ಬಂತು, ಇನ್ನೂ ಜೋರಾಗಿ ಬಂತು. ಗೇಟಿನಲ್ಲಿ ನಿಂತವರಲ್ಲಿ ಒಬ್ಬನ ಕಾಲು ಅವನಿಗೇ ತಿಳಿಯದೆ ತಾಳ ಹಾಕುತ್ತಿತ್ತು. ಪಕ್ಕದವನು ತಿವಿದ ಮೇಲೆ ನಿಂತಿತು.

ಮೂರನೇ ಸಲ ಹಾಡುವಾಗ ಭವ್ಯಶ್ರೀಗೆ ಅಮ್ಮ ಕಂಡರು. ವಿಶಾಲಮ್ಮ ಒಬ್ಬರೇ ಬಸ್ಸಿನಲ್ಲಿ ಬಂದು, ಹೊಟ್ಟಿನ ಚೀಲಗಳ ಪಕ್ಕ ಕೈಚೀಲ ಹಿಡಿದು ನಿಂತಿದ್ದರು. ಕುಣಿಯಲಿಲ್ಲ, ಕೂಗಲಿಲ್ಲ, ಕೊನೆಯವರೆಗೂ ನಿಂತರು. ಇಳಿದು ಬಂದಾಗ ಮಗಳ ಬೆವರು ಸೆರಗಿನಲ್ಲಿ ಒರೆಸಿ, "ಗಂಟಲು ಹಾಳ್ಮಾಡ್ಕೋಬೇಡ," ಎಂದು ಚೀಲದಿಂದ ಕಷಾಯದ ಬಾಟಲಿ ತೆಗೆದುಕೊಟ್ಟರು.

ಮುಂದಿನ ವಾರ ಹೊಸ ಸಿನಿಮಾ ಹಾಡೊಂದು ಬಂದು ಅವಳ ಹಾಡನ್ನು ಎರಡನೇ ಜಾಗಕ್ಕೆ ತಳ್ಳಿತು. ಅಶ್ವಿನ್ ಊಟ ಬಿಟ್ಟು ಕೂತ. ಭವ್ಯಶ್ರೀ, "ಏಳು, ಇನ್ನೊಂದು ಕಟ್ಟುವ," ಎಂದು ಫೋನಿನಲ್ಲಿ ಹೇಳಿ ಸಾಗರಕ್ಕೆ ಹೊರಟಳು. ದಾರಿಯಲ್ಲಿ ಬಸ್ಸಿನಲ್ಲಿರುವಾಗ ಫೋನು ಬಂತು. ಅಪ್ಪಯ್ಯ. ಮನೆ ಬಿಟ್ಟ ಮೇಲೆ ಇದೇ ಮೊದಲು.

"ತೀರ್ಥಳ್ಳೀಲಿ ಜನ ಎಷ್ಟಿದ್ರು?" ಪೀಠಿಕೆಯಿಲ್ಲದೆ ಕೇಳಿದರು ಗಿರಿಯಪ್ಪ.

"ಅಂಗಳ ತುಂಬಿ ರಸ್ತೇಲೂ ನಿಂತಿದ್ರು ಅಪ್ಪಯ್ಯ. ಯಾಕೆ?"

"ಕನ್ನಪ್ಪ ನಮ್ಮ ಸೊಸೈಟಿಗೆ ಬಂದಾಗ ಎಲ್ಲರ ಮುಂದೆ ಐವತ್ತು ಜನಾನೂ ಇರ್ಲಿಲ್ಲ ಅಂತಿದ್ದ."

"ನೀವೆಂತ ಅಂದ್ರಿ?"

"ಸುಳ್ಳು ಹೇಳ್ಬೇಡ ಅಂದೆ. ಎದ್ದು ನಿಂತೇ ಅಂದೆ." ಗಿರಿಯಪ್ಪ ಕೆಮ್ಮಿದರು. "ಭಾನುವಾರ ಮನೆಗೆ ಬಾ. ಎಳೇ ಬಿದಿರ ಕಳಲೆ ಸಿಕ್ಕಿದೆ, ನಿಮ್ಮಮ್ಮ ಪಲ್ಯ ಮಾಡ್ತಾಳಂತೆ."