ಹಿತ್ತಿಲಿಗೆ ಇಂಟರ್‌ಲಾಕ್

ಉರ್ವದ ಮಾರುಕಟ್ಟೆಯಲ್ಲಿ ಕುಮುದಿನಿಯ ಹತ್ತಿರ ಮೀನಿಗೆ ಚೌಕಾಸಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಬೈಯುವವಳಲ್ಲ. ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಆ ನೋಟಕ್ಕೇ ಗಿರಾಕಿಗಳು ಹೇಳಿದ ರೇಟು ಕೊಟ್ಟು ಬಂಗುಡೆ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅಂಥವಳ ಮನೆಗೆ ಸೊಸೆಯಾಗಿ ಬಂದ ಯಶ್ಮಿತಾಳಿಗೆ ಒಂದು ಕಾಯಿಲೆಯಿತ್ತು. ನಗು ಶುರುವಾದರೆ ನಿಲ್ಲುತ್ತಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ನಕ್ಕಿದ್ದಳು, ಸಾವಿನ ಮನೆಯಲ್ಲಿ ನಕ್ಕಿದ್ದಳು, ತನ್ನದೇ ನಿಶ್ಚಿತಾರ್ಥದಲ್ಲಿ ಭಟ್ಟರು ಮಂತ್ರದ ನಡುವೆ ಸೀನಿದ್ದಕ್ಕೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. "ಅಲ್ಲಿ ಹೋಗಿ ಹಲ್ಲು ಕಿಸಿಯಬೇಡ" ಎಂದು ತಾಯಿ ಹೇಳಿಯೇ ಕಳಿಸಿದ್ದಳು. ಮದುವೆಯಾದಂದಿನಿಂದ ಯಶ್ಮಿತಾ ಮನೆಯಲ್ಲಿ ತುಟಿ ಕಚ್ಚಿಕೊಂಡೇ ಬದುಕುತ್ತಿದ್ದಳು. ಅತ್ತೆಯನ್ನು ತುಳುವಿನ ರೂಢಿಯಂತೆ ಮಾಮಿ ಎಂದು ಕರೆದು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಹಗಲಿಡೀ ಕೊಡಿಯಾಲ್‌ಬೈಲಿನ ಆಫೀಸಿನಲ್ಲಿ ಮನಸಾರೆ ನಕ್ಕು ಬರುತ್ತಿದ್ದಳು.

ಮಳೆ ಮುಗಿದ ಮೇಲೆ ಹಿತ್ತಿಲಿಗೆ ಇಂಟರ್‌ಲಾಕ್ ಕಲ್ಲು ಹಾಕಿಸುವುದೆಂದು ತೀರ್ಮಾನವಾಯಿತು. ಮನೆಯ ಹಿಂದೆ ಇದ್ದದ್ದು ಬರೀ ಕೆಂಪು ಮಣ್ಣು. ಮಳೆಗಾಲದಲ್ಲಿ ಕೆಸರು ಅಡುಗೆಮನೆಯವರೆಗೆ ಬರುತ್ತಿತ್ತು, ಬೇಸಗೆಯಲ್ಲಿ ಒಗೆದ ಬಟ್ಟೆಯ ಮೇಲೆ ಧೂಳು ಕೂರುತ್ತಿತ್ತು. ಯಶ್ಮಿತಾಳ ಗಂಡ ಲತೀಶ್ ಬೋಟು ಎಂಜಿನ್ ಮೆಕ್ಯಾನಿಕ್. ಅವನು ಕಲ್ಲುಗಳನ್ನೂ ಜಲ್ಲಿ ಹುಡಿಯನ್ನೂ ಮರಳನ್ನೂ ಹಿತ್ತಿಲಲ್ಲಿ ಇಳಿಸಿ, ಹಾಕುವವರಿಗೆ ಹೇಳಿಟ್ಟು, ಕೆಟ್ಟು ನಿಂತ ಬೋಟೊಂದರ ಕೆಲಸಕ್ಕೆ ರತ್ನಗಿರಿಗೆ ಹೋದ. ಹಾಕುವವರು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ನಾಳೆ ಬೆಳಿಗ್ಗೆ ಬರ್ತೇವೆ" ಎನ್ನುತ್ತಿದ್ದರು.

ಕಲ್ಲಿನ ರಾಶಿ ಒಗೆಯುವ ಕಲ್ಲಿಗೆ ಅಡ್ಡವಾಗಿ ನಿಂತಿತ್ತು. ರಾಶಿಗೂ ಕಂಪೌಂಡು ಗೋಡೆಗೂ ನಡುವಿನ ಸಂದಿಯಲ್ಲಿ ಯಶ್ಮಿತಾ ಹೇಗೋ ನುಸುಳುತ್ತಿದ್ದಳು. ಶುಕ್ರವಾರ ಸಂಜೆ ಕುಮುದಿನಿ ಬಟ್ಟೆಯ ಬಕೆಟ್ ಹಿಡಿದು ಅಡ್ಡವಾಗಿ ಹೋದವಳು ಅಲ್ಲೇ ಸಿಕ್ಕಿಕೊಂಡಳು. ಮುಂದೆ ಹೋಗಲಾಗದು, ಹಿಂದೆ ಬರಲಾಗದು.

"ಯಶ್ಮಿ" ಎಂದು ಅವಳು ಗಂಭೀರವಾಗಿ ಕರೆದಳು. "ಬಾ ಇಲ್ಲಿ. ಎಳಿ."

ಯಶ್ಮಿತಾ ಮೊದಲು ಬಕೆಟ್ ಎಳೆದಳು, ಆಮೇಲೆ ಅತ್ತೆಯ ಕೈ ಎಳೆದಳು. ಕುಮುದಿನಿ ಬಾಟಲಿಯ ಬಿರಡೆಯ ಹಾಗೆ ಹೊರಬಂದಳು. ಯಶ್ಮಿತಾ ಒಳಗೆ ಓಡಿ, ಕೈ ಒರೆಸುವ ಬೈರಾಸಿನಲ್ಲಿ ಮುಖ ಹುದುಗಿಸಿ, ಗ್ಯಾಸ್ ಸ್ಟವ್ ಎದುರು ಕುಸಿದು ಕುಳಿತಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕುಮುದಿನಿ ಹೇಳಿದಳು, "ಅವರು ಬರುದಿಲ್ಲ. ನಿನಗೆ ರಜೆ ಉಂಟಲ್ಲ, ನಾನೂ ಮಾರ್ಕೆಟಿಗೆ ಹೋಗುದಿಲ್ಲ. ನಾವೇ ಹಾಕುವ."

"ನಾವಾ ಮಾಮಿ?"

"ಮತ್ತೆ? ಫೋನಿನಲ್ಲಿ ಎಲ್ಲ ಉಂಟಲ್ಲ, ತೋರಿಸು."

ಫೋನಿನಲ್ಲಿ ಯಾವುದೋ ದೇಶದ ಗಂಡಸೊಬ್ಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆವರದೆ, ತನ್ನ ಅಂಗಳಕ್ಕೆ ಕಲ್ಲು ಹಾಸುತ್ತಿದ್ದ. ಮಣ್ಣು ಕೆರೆದು ಸಮ ಮಾಡಬೇಕು, ಗಟ್ಟಿ ಮಾಡಬೇಕು, ಜಲ್ಲಿ ಹುಡಿ ಹಾಸಬೇಕು, ಮೇಲೆ ಮರಳು, ಆಮೇಲೆ ಕಲ್ಲು. ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಬೇಕು. "ಇಷ್ಟೇಯಾ" ಎಂದಳು ಕುಮುದಿನಿ. ನೈಟಿಯ ಮೇಲೆ ಮಗನ ಹಳೆಯ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿ, ಹಾರೆ ಹಿಡಿದು ಇಳಿದಳು. ಯಶ್ಮಿತಾ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಅವಳು ಹಗ್ಗ ಕಟ್ಟಿ ಅಳತೆ ನೋಡುವ ಅಂದದ್ದಕ್ಕೆ ಕುಮುದಿನಿ, "ಕಣ್ಣಳತೆ ಸಾಕು, ಕಾಲು ಕಿಲೋ ಕೂಡ ನಾನು ಕೈಯಲ್ಲೇ ತೂಗುದು" ಎಂದಳು.

ಮಣ್ಣು ಗಟ್ಟಿ ಮಾಡುವ ಮಿಷನ್ ಬಾಡಿಗೆಗೆ ಬಂತು. ತಂದವನು ಇರ್ವಿನ್, ದಪ್ಪ ಮೀಸೆಯ ಸಮಾಧಾನದ ಮನುಷ್ಯ. ಅಗಲವಾದ ಕಬ್ಬಿಣದ ತಟ್ಟೆಯ ಮೇಲೆ ಎಂಜಿನ್, ಹಿಡಿಯಲು ಉದ್ದದ ಕೈ. ಸ್ಟಾರ್ಟ್ ಮಾಡಿದರೆ ನೆಲವನ್ನು ಗುದ್ದುತ್ತ ತಾನಾಗಿ ಮುಂದೆ ಹೋಗುತ್ತಿತ್ತು.

"ಬಿಗಿಯಾಗಿ ಹಿಡಿಬೇಡಿ ಆಂಟಿ, ಅದು ಹೋಗ್ತದೆ, ನೀವು ಹಿಂದಿನಿಂದ ನಡಿಯುದು ಅಷ್ಟೆ" ಎಂದು ತೋರಿಸುವಷ್ಟರಲ್ಲಿ ಅವನಿಗೊಂದು ಫೋನ್ ಬಂತು. ಎಂಜಿನ್ ಚಾಲೂ ಇಟ್ಟೇ ಮಾತಾಡಲೆಂದು ರಸ್ತೆಗೆ ಹೋದ.

ಕುಮುದಿನಿ ಬಿಗಿಯಾಗಿ ಹಿಡಿದಳು. ಜೀವನದಲ್ಲಿ ಯಾವುದನ್ನೂ ಅವಳು ಸಡಿಲವಾಗಿ ಹಿಡಿದವಳಲ್ಲ. ಮಿಷನ್ ಅವಳನ್ನು ಹಿತ್ತಿಲಿನ ಉದ್ದಕ್ಕೂ ಕರೆದುಕೊಂಡು ಹೊರಟಿತು. ಮೊದಲು ಅವಳ ಕೆನ್ನೆಗಳು ನಡುಗಿದವು, ಆಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಯಿತು, ಆಮೇಲೆ ಬೈರಾಸು ಬಿಚ್ಚಿ ಬಿತ್ತು.

"ಯ-ಯ-ಯ-ಯಶ್ಮಿ" ಎಂದಳು. "ನಿ-ನಿ-ನಿಲ್ಲಿ-ಲ್ಲಿ-ಸು-ಸು."

ಸ್ವಿಚ್ ಎಲ್ಲಿದೆಯೆಂದು ಯಶ್ಮಿತಾಳಿಗೆ ಗೊತ್ತಿರಲಿಲ್ಲ. ಅವಳು ಅತ್ತೆಯ ಪಕ್ಕದಲ್ಲೇ ಓಡಿದಳು, ಎದುರಿನಿಂದ ಕೈ ಅಡ್ಡ ಹಿಡಿದಳು, ಬಸ್ಸು ನಿಲ್ಲಿಸುವವರ ಹಾಗೆ. ಮಿಷನ್ ಅವಳ ಪಕ್ಕದಿಂದ ಸರಿದು ನೇರವಾಗಿ ಮೂಲೆಯ ಬಸಳೆ ಚಪ್ಪರಕ್ಕೆ ನುಗ್ಗಿತು. ಚಪ್ಪರ ನಿಧಾನವಾಗಿ, ಗೌರವದಿಂದೆಂಬಂತೆ, ಕುಮುದಿನಿಯ ತಲೆಯ ಮೇಲೆ ಬಾಗಿತು. ಎಂಜಿನ್ ಕೆಮ್ಮಿ ನಿಂತಿತು.

ಯಶ್ಮಿತಾ ಮಣ್ಣಿನಲ್ಲಿ ಕುಕ್ಕರಿಸಿ, ಹೊಟ್ಟೆ ಹಿಡಿದು, ತಿಂಗಳುಗಟ್ಟಲೆ ಒಳಗೆ ತುಂಬಿಟ್ಟದ್ದನ್ನೆಲ್ಲ ಒಮ್ಮೆಲೇ ನಕ್ಕಳು. ನಗುತ್ತಲೇ ಹೆದರಿದಳು. ಬಳ್ಳಿಗಳ ನಡುವಿನಿಂದ ಕುಮುದಿನಿಯ ಮುಖ ಹೊರಬಂತು. ಅದೇ ಮಾರುಕಟ್ಟೆಯ ನೋಟ. ಕಿವಿಯ ಮೇಲೊಂದು ಬಸಳೆ ಎಲೆ.

"ಇ-ಇನ್ನೂ ನಡುಗ್ತಾ ಉಂಟು" ಎಂದಳು ಕುಮುದಿನಿ, ತನ್ನ ಕೈಗಳನ್ನು ನೋಡಿಕೊಂಡು. ಆಮೇಲೆ ಅವಳ ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಎತ್ತರದ, ಉದ್ದದ, ಕೊನೆಯಲ್ಲಿ ಬಿಕ್ಕಿದಂತಾಗುವ ಸದ್ದು. ಅದು ಅವಳ ನಗು. ಸೊಸೆಯ ಪಕ್ಕ ಕುಳಿತು ಅವಳ ಹೆಗಲಿಗೆ ಹಣೆ ಒರಗಿಸಿ ನಕ್ಕಳು. ಒಬ್ಬರು ಸುಮ್ಮನಾದರೆ ಇನ್ನೊಬ್ಬರು "ಯ-ಯ-ಯಶ್ಮಿ" ಎನ್ನುವರು, ಮತ್ತೆ ಮೊದಲಿನಿಂದ.

ಪಕ್ಕದ ಮನೆಯ ಝೈನಬ್ ತಾರಸಿಯಲ್ಲಿ ಬಟ್ಟೆ ಹಾಕುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಕುಮುದಿನಿಯ ನೆರೆಯಲ್ಲಿದ್ದರೂ ಈ ಸದ್ದನ್ನು ಅವಳು ಕೇಳಿರಲಿಲ್ಲ. ಬಗ್ಗಿ ನೋಡಿದರೆ ಅತ್ತೆ ಸೊಸೆ ಮಣ್ಣಿನಲ್ಲಿ ಕುಳಿತು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಭುಜ ಕುಲುಕಿಸುತ್ತಿದ್ದಾರೆ. ಅವಳು ಮೊದಲು ಲತೀಶನಿಗೆ ಫೋನ್ ಮಾಡಿದಳು. "ನಿನ್ನ ಅಮ್ಮ ಹಿತ್ತಿಲಲ್ಲಿ ಕೂತು ಅಳ್ತಿದ್ದಾರೆ ಮಾರಾಯ, ಹೆಂಡತಿಯೂ. ಎಂತ ಆಗಿದೆಯೋ, ನಾನು ಹೋಗಿ ನೋಡ್ತೇನೆ."

ಲತೀಶ್ ಹೆಂಡತಿಗೆ ಫೋನ್ ಮಾಡಿದ. ಯಶ್ಮಿತಾ ಎತ್ತಿ "ಏನೂ... ಏನೂ ಇಲ್ಲ" ಎಂದು ಬಿಕ್ಕಿದಳು. "ಅಮ್ಮನಿಗೆ ಕೊಡು" ಎಂದ. ಕುಮುದಿನಿ "ಲತೀಶಾ, ಮಿಷನ್..." ಎಂದು ಮುಂದೆ ಹೇಳಲಾಗದೆ ಫೋನನ್ನು ಮಡಿಲಿಗೆ ಹಾಕಿಕೊಂಡಳು. ಅವನು ಝೈನಬಳಿಗೆ ಮಾಡಿದ. ಅಷ್ಟರಲ್ಲಿ ಝೈನಬ್ ಹಿತ್ತಿಲಿಗೆ ಬಂದು, "ಎಂತ ಆಯ್ತು ಕುಮುದಿನಿಯಕ್ಕ" ಎಂದು ಕೇಳಿ, ವಿಷಯ ತಿಳಿದು, ತಾನೂ ಮಣ್ಣಿನಲ್ಲಿ ಕುಳಿತಿದ್ದಳು. ಅವಳಿಗೂ ಮಾತು ಹೊರಡಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಯಶ್ಮಿತಾ ಗಂಡನಿಗೆ ಮೆಸೇಜ್ ಹಾಕಿದಳು: "ಎಲ್ಲ ಸರಿ ಉಂಟು, ಹೆದರಬೇಡಿ." ಅದನ್ನು ಓದಿದ ಮೇಲೆ ಏನೋ ಅನಾಹುತವಾಗಿದೆ ಎಂಬುದರಲ್ಲಿ ಲತೀಶನಿಗೆ ಅನುಮಾನವೇ ಉಳಿಯಲಿಲ್ಲ. ಅವನು ಸ್ಪ್ಯಾನರ್ ಕೆಳಗಿಟ್ಟು ಸ್ಟೇಷನ್ನಿಗೆ ಹೊರಟ. ರೈಲಿನಲ್ಲಿ ಅವನ ಫೋನಿನ ಚಾರ್ಜು ಮುಗಿಯಿತು.

ಇರ್ವಿನ್ ಬಂದು ಚಪ್ಪರ ನೋಡಿದ, ಹೆಂಗಸರನ್ನು ನೋಡಿದ, ಏನೂ ಕೇಳದೆ ಉಳಿದ ನೆಲವನ್ನು ತಾನೇ ಗಟ್ಟಿ ಮಾಡಿಕೊಟ್ಟು ಹೋದ. ಮಧ್ಯಾಹ್ನ ಗಂಜಿ ಉಣ್ಣುತ್ತ ಕುಮುದಿನಿ ಸೊಸೆಗೆ ಹೇಳಿದಳು, "ಸಣ್ಣದಿರುವಾಗ ನಾನು ಹೀಗೇ ಇದ್ದದ್ದು. ಮಾರ್ಕೆಟಿನಲ್ಲಿ ಕೂತ ಮೇಲೆ ಬಿಟ್ಟೆ. ನಗುವವಳ ಹತ್ರ ಎಲ್ಲರೂ ಕಡಿಮೆಗೆ ಕೇಳ್ತಾರೆ." ಒಂದು ತುತ್ತು ಉಂಡು ಕೇಳಿದಳು, "ನಿನ್ನೆ ಒಳಗೆ ಹೋಗಿ ನಕ್ಕಿದ್ದಲ್ವಾ?"

"ಇಲ್ಲ ಮಾಮಿ."

"ಬೈರಾಸಿನಲ್ಲಿ ಮುಖ ಮುಚ್ಚಿದ್ರೂ ಕೇಳ್ತದೆ ಮಾರಾಯ್ತಿ."

ಸಂಜೆಯೊಳಗೆ ಅರ್ಧ ಹಿತ್ತಿಲಿಗೆ ಕಲ್ಲು ಬಿತ್ತು. ಒಂದರ ಬಾಯಿಗೆ ಇನ್ನೊಂದು ಕೂರುವ ಆಟ ಯಶ್ಮಿತಾಳಿಗೆ ಹಿಡಿಸಿಬಿಟ್ಟಿತ್ತು. ಅವಳು ಇಡುವಳು, ಕುಮುದಿನಿ ರಬ್ಬರ್ ಸುತ್ತಿಗೆಯಿಂದ ಬಡಿಯುವಳು. ಕೊನೆಗೆ ಪರೀಕ್ಷೆಗೆಂದು ಒಗೆಯುವ ಕಲ್ಲಿನ ಹತ್ತಿರ ಒಂದು ಬಕೆಟ್ ನೀರು ಹೊಯ್ದರು. ನೀರು ಒಂದು ಕ್ಷಣ ಯೋಚಿಸಿ, ಮನೆಯ ಕಡೆಗೆ ತಿರುಗಿತು. ಉದುರಿದ್ದ ಬಸಳೆ ಎಲೆಯೊಂದು ಅದರ ಮೇಲೆ ತೇಲುತ್ತ, ಹೊಸ್ತಿಲಿಲ್ಲದ ಹಿಂಬಾಗಿಲಿನಿಂದ ಅಡುಗೆಮನೆಯ ಒಳಗೆ ಹೋಯಿತು.

ಇಬ್ಬರೂ ಅದನ್ನು ಕಣ್ಣಲ್ಲೇ ಹಿಂಬಾಲಿಸಿದರು.

"ಊಟಕ್ಕೆ ಪದಾರ್ಥ ಆಗ್ಲಿಕ್ಕೆ ಬಸಳೆ ತಾನೇ ಹೋಗ್ತಾ ಉಂಟು" ಎಂದಳು ಕುಮುದಿನಿ.

ಆ ಸಂಜೆ ಮತ್ತೆ ಕೆಲಸವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹಾಕಿದ್ದನ್ನೆಲ್ಲ ಕಿತ್ತರು. ಈ ಸಲ ಹಗ್ಗ ಕಟ್ಟಿದರು. ಕುಮುದಿನಿ ಎರಡು ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದಾಗ ಪಕ್ಕದ ಓಣಿಯಿಂದ ಲತೀಶ್ ಓಡಿ ಬಂದ. ಕೂದಲು ಕೆದರಿತ್ತು, ಅಂಗಿಯ ಗುಂಡಿ ಅದಲುಬದಲಾಗಿತ್ತು, ಕೈಯಲ್ಲಿ ದಾರಿಯಲ್ಲಿ ಕೊಂಡ ಕಿತ್ತಳೆಯ ಚೀಲವಿತ್ತು, ಆಸ್ಪತ್ರೆಗೆ ಹೋಗುವವರ ಹಾಗೆ.

"ಅಮ್ಮ, ಯಾರಿಗೆ ಎಂತ ಆಯ್ತು? ಕೈ ಉಂಟಾ, ಕಾಲು ಉಂಟಾ?"

ಕುಮುದಿನಿ ಕಲ್ಲು ಕೆಳಗಿಟ್ಟು ಎರಡೂ ಕೈ ತೋರಿಸಿದಳು. ಯಶ್ಮಿತಾ ಗಂಭೀರವಾಗಿ ಹೇಳಲು ಹೊರಟಳು: ಮಿಷನ್ ಬಂತು, ಮಾಮಿ ಹಿಡಿದರು. ಅಲ್ಲಿಂದ ಮುಂದೆ ಹೇಳಲಾಗಲಿಲ್ಲ. ಕುಮುದಿನಿ ಮುಂದುವರಿಸಲು ನೋಡಿದಳು, ಅವಳಿಂದಲೂ ಆಗಲಿಲ್ಲ. ಆ ಎತ್ತರದ ಸದ್ದು ಮತ್ತೆ ಎದ್ದಿತು.

ಲತೀಶನಿಗೆ ಸಿಟ್ಟು ಬಂದಿತ್ತು. ರಾತ್ರಿಯಿಡೀ ರೈಲಿನ ಬಾಗಿಲಲ್ಲಿ ನಿಂತು ಬಂದವನು. ಆದರೆ ತಾಯಿಯ ಬಾಯಿಂದ ಆ ಸದ್ದು ಬರುವುದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕಿತ್ತಳೆಯ ಚೀಲ ಹಿಡಿದುಕೊಂಡೇ ಅವನು ನಿಂತು ಕೇಳಿದ. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, "ಹಗ್ಗ ಓರೆ ಉಂಟು" ಎಂದ.

"ನೀವು ಬರುದಕ್ಕೆ ಮೊದಲು ಸರಿ ಇತ್ತು" ಎಂದಳು ಯಶ್ಮಿತಾ, ಅತ್ತೆಯ ಎದುರಿಗೇ. ಕುಮುದಿನಿ ತಲೆಯಾಡಿಸಿ ಸೊಸೆಯ ಪಕ್ಷ ವಹಿಸಿದಳು.

ಇಳಿಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಲತೀಶ್ ಸಂದುಗಳಿಗೆ ನಯ ಮರಳು ಸುರಿದು ಹಿಡಿಸೂಡಿಯಿಂದ ಗುಡಿಸಿದ. ಝೈನಬ್ ಗೋಡೆಯ ಮೇಲಿನಿಂದ ಪತ್ತಿರಿ ರೊಟ್ಟಿ ಕೊಟ್ಟಳು. ಅವನು ಒಳಗಿನಿಂದ ಕುರ್ಚಿ ತಂದಿಟ್ಟರೆ ಕುಮುದಿನಿ ಕೂರಲಿಲ್ಲ. ನೈಟಿ ಸರಿಪಡಿಸಿಕೊಂಡು, ಬಿಸಿಲು ಹೀರಿ ಬೆಚ್ಚಗಿದ್ದ ಕಲ್ಲುಗಳ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಬೆನ್ನಿಗೆ ಸುಖ ಆಗ್ತದೆ. ಬಾ ಯಶ್ಮಿ."

ಯಶ್ಮಿತಾ ಪಕ್ಕದಲ್ಲಿ ಮಲಗಿದಳು. ಮೇಲೆ ಒಂದು ವಿಮಾನ ಬಜ್ಪೆಯ ಕಡೆಗೆ ಇಳಿಯುತ್ತಿತ್ತು. ಕುಮುದಿನಿ ತಾನು ಹುಡುಗಿಯಾಗಿದ್ದಾಗ ದೋಣಿಯಿಂದ ನೀರಿಗೆ ಬಿದ್ದ ಭಾವನೊಬ್ಬನ ಕತೆ ಶುರು ಮಾಡಿದಳು. ಕತೆ ಅರ್ಧಕ್ಕೂ ಬರಲಿಲ್ಲ, ಇಬ್ಬರಿಗೂ ಉಸಿರು ಸಿಕ್ಕಿಕೊಂಡಿತು. ಲತೀಶ್ ಚಹಾದ ಲೋಟಗಳನ್ನು ಹಿಡಿದು, ಅವರ ಕಾಲು ತುಳಿಯದ ಹಾಗೆ ದಾಟಿ ಬಂದು, "ಆಮೇಲೆ ಭಾವ ಎಂತ ಆದ ಅಮ್ಮ?" ಎಂದು ಕೇಳುತ್ತಲೇ ಇದ್ದ.