ಕ್ಯಾಲೆಂಡರ್ ಮೊಳೆಯ ಕೆಳಗೆ ನನ್ನ ಗಂಡ

ನನ್ನ ಗಂಡ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹನ್ನೊಂದು ದಿನ ಸುಂಕದಕಟ್ಟೆಯಲ್ಲಿ ನಾನು ಈ ಮಾತು ಹೇಳಿ ಹೇಳಿ ಸಾಕಾದೆ, ಯಾರೂ ಪೂರ್ತಿ ನಂಬಲಿಲ್ಲ.

ಅವರ ಹೆಸರು ಶ್ರೀಶೈಲ. ಬಾಗಲಕೋಟೆ ಕಡೆಯ ನಾಟಕ ಕಂಪನಿಯಲ್ಲಿ ದೂತ, ಕಾವಲುಗಾರ, ಎರಡನೇ ಕಳ್ಳ ಇಂಥ ಪಾರ್ಟು ಮಾಡಿಕೊಂಡಿದ್ದರು. ಕಂಪನಿ ಮುಚ್ಚಿದ ಮೇಲೆ ಸಿನಿಮಾ ಎಂದುಕೊಂಡು ಇಬ್ಬರೂ ಬೆಂಗಳೂರಿಗೆ ಬಂದೆವು. ನಾನು ಮಾಗಡಿ ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತೇನೆ. ಅವರು ಸೀರಿಯಲ್ಲುಗಳಲ್ಲಿ ಶ್ರೀಮಂತರ ಮನೆ ಬಾಗಿಲು ತೆಗೆಯುತ್ತಾರೆ. ಆರು ವರ್ಷದಲ್ಲಿ ಅವರು ತೆಗೆದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದರೆ ಇಲ್ಲಿಂದ ಕೆಂಗೇರಿ ಮುಟ್ಟುತ್ತದೆ. ಆದರೆ ಒಂದು ಮಾತು ಒಪ್ಪಬೇಕು: ಎಲ್ಲೇ ಇರಲಿ, ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿ "ಊಟ ಆತೇನ?" ಎಂದು ಕೇಳುತ್ತಿದ್ದರು. ನಾನು "ಹೂಂ" ಎಂದರೆ ಇಟ್ಟುಬಿಡುತ್ತಿದ್ದರು. ನಮ್ಮ ಲೈನಿನ ಹುಡುಗಿಯರು ಇದಕ್ಕೆ ನಗುತ್ತಿದ್ದರು. ಬಾಯಲ್ಲಿ ತುತ್ತಿಟ್ಟುಕೊಂಡು ದಿನಾ ಏನು ಹೂಂಗುಟ್ಟುವುದು ಎಂದು ನನಗೂ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಭೈರೇಶ್ ಎನ್ನುವ ನಿರ್ದೇಶಕ ಅವರಿಗೆ ದೊಡ್ಡ ಪಾತ್ರ ಕೊಟ್ಟ. ಹೆಣದ ಪಾತ್ರ.

ನಗಬೇಡಿ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ವಾಲದಂತೆ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟುತ್ತಾರೆ. ಸುತ್ತ ಕೂತ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು ಹಾಡಾಡಿ ಅಳುತ್ತಾರೆ. ಸಿನಿಮಾದ ಕಥೆಯೂ ಅಷ್ಟೇ, ಊರಿನ ಮಾಸ್ತರ ಸತ್ತು ಕೂತಿದ್ದಾನೆ, ಊರೆಲ್ಲ ಸುತ್ತ ಕೂತು ಅಳುತ್ತದೆ. ಕೆಂಗೇರಿ ಆಚೆಯ ಒಂದು ಶೆಡ್ಡಿನಲ್ಲಿ ಇಪ್ಪತ್ತಾರು ದಿನ ಶೂಟಿಂಗ್. ಇಪ್ಪತ್ತಾರೂ ದಿನ ನನ್ನ ಗಂಡ ಕಣ್ಣು ಮುಚ್ಚಿ, ಉಸಿರು ಹಿಡಿದು, ಮೂಗಿನ ಮೇಲೆ ನೊಣ ಕೂತರೂ ಅಲುಗದೆ ಕೂತರು. ನಲವತ್ತು ಜನ ಹೆಂಗಸರು ಅವರ ಕಾಲಿಗೆ ಬಿದ್ದು ಅತ್ತರು.

ಕೊನೆಯ ದಿನ ಮುಗಿಸಿ ಬಂದವರ ಮುಖ ಬೇರೆಯೇ ಆಗಿತ್ತು.

"ದಾನವ್ವಾ, ಗ್ಲಿಸರಿನ್ ಇಲ್ಲದ ಅತ್ತರು. ಖರೇ ಕಣ್ಣೀರು. ಇಂಥಾ ಮನಶ್ಯಾ ಮತ್ತ ಹುಟ್ಟಿ ಬರೂದಿಲ್ಲ ಅಂದ್ರು."

ನಾನು ಡ್ಯೂಟಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದೆ. ಬೆನ್ನು ನೋಯುತ್ತಿತ್ತು. "ಅದು ಮಾಸ್ತರಗ ಅಂದಾರ್ರೀ, ನಿಮಗಲ್ಲ" ಎಂದೆ.

ಆಡಬಾರದಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಗೋಡೆಯ ಕ್ಯಾಲೆಂಡರ್ ತೆಗೆದಿಟ್ಟು, ಅದರ ಮೊಳೆಗೆ ಟವೆಲ್ಲಿನಿಂದ ತಲೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

ಮೊದಲ ದಿನ ತಮಾಷೆ ಎಂದುಕೊಂಡೆ. ಎರಡನೇ ದಿನ ಬೈದೆ. ಮೂರನೇ ದಿನ ಅಲುಗಾಡಿಸಿದೆ. ಪೂರ್ತಿ ಹೆಣವೂ ಅಲ್ಲ ಅನ್ನಿ. ನಾನು ಕೆಲಸಕ್ಕೆ ಹೋದಾಗ ಮುಚ್ಚಿಟ್ಟ ರೊಟ್ಟಿ ಖಾಲಿಯಾಗುತ್ತಿತ್ತು, ಬಚ್ಚಲು ಒದ್ದೆಯಾಗಿರುತ್ತಿತ್ತು. ನಾನು ಬರುವಷ್ಟರಲ್ಲಿ ಮತ್ತೆ ಟವೆಲ್ಲು, ಮತ್ತೆ ಮೊಳೆ. ಮಾತು ಮಾತ್ರ ಇಲ್ಲ. ಒಂದು ಗಂಟೆಗೆ ಫೋನೂ ಇಲ್ಲ. ಐದನೇ ದಿನದಿಂದ ನಾನು ಡಬ್ಬಿ ತೆರೆಯದೆ ವಾಪಸ್ ತರತೊಡಗಿದೆ. ಹಸಿವೇ ಆಗುತ್ತಿರಲಿಲ್ಲ.

ಬೀದಿಯ ಡಾಕ್ಟರು ಬಂದು ಬಿಪಿ ನೋಡಿ, "ನನಗಿಂತ ಚೆನ್ನಾಗಿದೆ" ಎಂದರು. ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಬರೆದುಕೊಟ್ಟರು. ಕರೆದುಕೊಂಡು ಹೋಗಲು ಆಸಾಮಿ ಏಳಬೇಕಲ್ಲ. ಕೊನೆಗೆ ಭೈರೇಶನಿಗೆ ಫೋನ್ ಮಾಡಿದೆ.

"ಅಕ್ಕಾ, ಕೈ ಮುಗೀತೀನಿ, ಎಬ್ಬಿಸ್ಬೇಡಿ," ಎಂದ ಪುಣ್ಯಾತ್ಮ. "ಮುಂದಿನ ತಿಂಗಳು ರಿಲೀಸು. ಅಲ್ಲೀವರೆಗೂ ಹಂಗೇ ಇರ್ಲಿ."

ಮರುದಿನವೇ ಸಿದ್ಧಾರ್ಥ ಎನ್ನುವ ಯೂಟ್ಯೂಬ್ ಚಾನೆಲ್ಲಿನ ಹುಡುಗ ಮೈಕು ಹಿಡಿದು ಮನೆಗೆ ಬಂದ. ಸಂಜೆಗೆ ನನ್ನ ಗಂಡನ ಫೋಟೋಕ್ಕೆ ಕೆಂಪು ವೃತ್ತ ಸುತ್ತಿ ಹಾಕಿದ್ದ: "ಪಾತ್ರದಿಂದ ಹೊರಬರಲಾಗದೆ ನಟನ ನರಳಾಟ?"

"ನರಳಿಲ್ಲವಲ್ಲಪ್ಪ, ಸುಮ್ಮನೆ ಕೂತಾರ" ಎಂದೆ.

"ಅದಕ್ಕೇ ಪ್ರಶ್ನೆ ಗುರುತು ಹಾಕಿದೀವಿ ಮೇಡಂ. ನಾವು ಹೇಳ್ತಾ ಇಲ್ಲ, ಕೇಳ್ತಾ ಇದೀವಿ."

ಆ ಗುರುತೊಂದಿದ್ದರೆ ಏನು ಬೇಕಾದರೂ ಬರೆಯಬಹುದು ಎಂದು ನನಗೆ ಆಗ ಗೊತ್ತಾಯಿತು. "ನಟನ ಮೈಯಲ್ಲಿ ಮಾಸ್ತರನ ಆತ್ಮ?" "ಹೊಟ್ಟೆಗೆ ಗಾಳಿಯೇ ಆಹಾರ?" ಟಿವಿಯಲ್ಲಿ ಒಬ್ಬ ಮನಸ್ಸಿನ ಡಾಕ್ಟರು, ಒಬ್ಬ ಜ್ಯೋತಿಷಿ, ಹೆಣ ಸಾಗಿಸುವ ವ್ಯಾನಿನ ಒಬ್ಬ ನಿವೃತ್ತ ಡ್ರೈವರು ಕೂತು ಒಂದು ಗಂಟೆ ಮಾತಾಡಿದರು. ಮೂವರಲ್ಲಿ ಯಾರೂ ನನ್ನ ಗಂಡನನ್ನು ನೋಡಿರಲಿಲ್ಲ. ಡ್ರೈವರು ಒಬ್ಬನೇ ಸ್ವಲ್ಪ ಬುದ್ಧಿವಂತಿಕೆಯ ಮಾತಾಡಿದ. ಎಂಟನೇ ದಿನ ಸಿದ್ಧಾರ್ಥ "ಇದಕ್ಕೆಲ್ಲ ಪತ್ನಿಯೇ ಕಾರಣ?" ಎಂದು ಹಾಕಿದ. ಉಳಿದವಕ್ಕೆಲ್ಲ ಬೈದಿದ್ದ ನಾನು ಅದಕ್ಕೆ ಬೈಯಲಿಲ್ಲ. ಅದು ಮಾತ್ರ ಚುಚ್ಚಿತು.

ಜನ ಬರತೊಡಗಿದರು. ಬಾಪೂಜಿ ನಗರದಿಂದ ಯಾರೋ ಗುರುತಿಲ್ಲದವರು ಆಟೋ ಮಾಡಿಕೊಂಡು ಬಂದು ಹಾರ ಹಾಕಿ, ಕಣ್ಣೊರೆಸಿಕೊಂಡು ಹೋದರು. ಬದುಕಿದ್ದಾರೆ ಎಂದರೆ "ಹೌದಮ್ಮ, ಎಲ್ಲರೂ ನಮ್ಮ ಮನಸ್ಸಲ್ಲಿ ಬದುಕೇ ಇರ್ತಾರೆ" ಎಂದು ನನಗೇ ಸಮಾಧಾನ ಹೇಳಿದರು. ಹಾರ ಬಿದ್ದಾಗ ನನ್ನ ಗಂಡನ ಬೆನ್ನು ಒಂದಿಷ್ಟು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಒಳ್ಳೆಯ ಮಾತಿಗೆ ಈ ಮನುಷ್ಯ ಇಷ್ಟು ಹಸಿದಿದ್ದರೇ? ನಾನು ಹನ್ನೆರಡು ವರ್ಷ ಜೊತೆಗೆ ಬಾಳಿ ಏನು ನೋಡಿದೆ?

ನಮ್ಮ ಓನರು ಮುನಿತಾಯಮ್ಮ, ಸುಂಕದಕಟ್ಟೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಕೆಳಗಿನ ಮನೆಯಲ್ಲಿರುತ್ತಾರೆ. ಅವರಿಗೆ ಬೇರೆಯದೇ ಸಂಕಟ.

"ಸೂತಕ ಐತೋ ಇಲ್ವೋ ಅಷ್ಟು ಹೇಳ್ಬಿಡಮ್ಮ. ದೇವ್ರಿಗೆ ದೀಪ ಹಚ್ಬೇಕೋ ಬಿಡ್ಬೇಕೋ ತಿಳೀದೆ ಬಾಗ್ಲು ಹಾಕ್ಕೊಂಡು ಕೂತಿದೀನಿ."

ಹನ್ನೊಂದನೇ ದಿನ ಭಾನುವಾರ. ಮುನಿತಾಯಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಇವತ್ತಿಗೆ ಹನ್ನೊಂದು ಕಣಮ್ಮ. ಸತ್ತಿದ್ರೆ ತಿಥಿ. ಊರೋರೆಲ್ಲ ಅತ್ತು ಹೋದ್ರು, ನೀನು ಅತ್ತಿಲ್ಲ. ಒಂದ್ಸಲ ಅತ್ಬಿಡು. ಹೆಂಡ್ತಿ ಅಳ್ದೆ ಹೆಣ ಹೆಂಗೆ ಏಳ್ತದೆ?"

ಬೆಳಿಗ್ಗೆಯಿಂದ ಮೂಲೆಯಲ್ಲಿ ಕಾದು ಕೂತಿದ್ದ ಸಿದ್ಧಾರ್ಥ ತಕ್ಷಣ, ತೂಕಡಿಸುತ್ತಿದ್ದ ಕ್ಯಾಮರಾದವನನ್ನು ಎಬ್ಬಿಸಿದ.

ನಾನು ಸೆರಗು ತಲೆಗೆ ಎಳೆದುಕೊಂಡು ಅವರ ಮುಂದೆ ಕೂತೆ. ಗುಣ ಹೇಳಿ ಅಳಬೇಕೆಂದೇ ಕೂತದ್ದು, ಆಣೆ ಮಾಡಿ ಹೇಳುತ್ತೇನೆ. ಅವರಿಗೆ ಬೇಕಾದ್ದು ಅದೇ ಎಂದು ಗೊತ್ತಿತ್ತು. ಆದರೆ ಬಾಯಿ ತೆಗೆದರೆ ಹನ್ನೊಂದು ದಿನದ ಸಿಟ್ಟು ಮುಂದೆ ಬಂತು. ನಮ್ಮ ಕಡೆ ಹಾಡಾಡಿ ಅಳುವಾಗ ಗಂಡನಿಗೆ ಬಹುವಚನ ಇಲ್ಲ. ಅದು ಇನ್ನೂ ಅನುಕೂಲವಾಯಿತು.

"ಅಯ್ಯ ನನ ರಾಜಾ, ಹಸಿ ಟಾವೆಲ್ಲ ಹಾಸಿಗಿ ಮ್ಯಾಲ ಒಗೀತಿದ್ಯಲ್ಲೋ! ಸಿಲಿಂಡರ ಹೇಳತೇನಂತ ಅಂದು ಮರತ ಕುಂತ್ಯಲ್ಲೋ! ನನ ತಮ್ಮನ ಮದುವ್ಯಾಗ ಉಪ್ಪಿಟ್ಟಿಗೆ ಉಪ್ಪಿಲ್ಲಂತ ಜಗಳಾ ತಗದ್ಯಲ್ಲೋ! ಬಾಗಲಾ ತಗಿಯೂ ಪಾರ್ಟಿನ ತಾಲೀಮಂತ ಎಂಟ ದಿನಾ ನಮ್ಮನಿ ಬಾಗಲಾ ಬಡದು ನನ ನಿದ್ದಿ ಕೆಡಸಿದ್ಯಲ್ಲೋ!"

ಹೆಣ ಅಲುಗಲಿಲ್ಲ. ಎಲ್ಲವೂ ನಿಜ, ಏನು ಅಲುಗೀತು? ಸಿದ್ಧಾರ್ಥನಿಗೆ ಖುಷಿಯೋ ಖುಷಿ. ನಮಗೆ ಬೆನ್ನು ಹಾಕಿ, ಕ್ಯಾಮರಾಕ್ಕೆ ಅಡ್ಡ ನಿಂತು, "ವೀಕ್ಷಕರೇ, ಕರುಳು ಹಿಂಡುವ ದೃಶ್ಯ" ಎಂದು ಶುರುಮಾಡಿದ.

ನನಗೆ ನಿಜಗಳು ಮುಗಿದುಹೋದವು. ಆಗ ಒಂದು ಸುಳ್ಳು ಹೇಳಿದೆ. ಬೇಕೆಂದೇ ಹೇಳಿದೆ.

"ಹನ್ನೆರಡ ವರ್ಷದಾಗ ಒಂದ ದಿನಾನರ ಊಟ ಆತೇನ ಅಂತ ಕೇಳಲಿಲ್ಲಲ್ಲೋ!"

ಮೊಳೆ ಗೋಡೆಯ ಗಾರೆ ಸಮೇತ ಕಿತ್ತು ಬಂತು.

"ಸುಳ್ಳ ಹೇಳಬ್ಯಾಡ!" ಹಾರಗಳ ನಡುವಿನಿಂದ ಅವರ ದನಿ ಗುಡುಗಿತು. ಮುನಿತಾಯಮ್ಮ ಗೋಡೆ ಹಿಡಿದುಕೊಂಡರು. "ಒಂದ ಗಂಟೆ ಆತಂದ್ರ ದಿನಾ ಫೋನ್ ಹಚ್ಚತಿದ್ದಿಲ್ಲೇನು? ಶೂಟಿಂಗ್ ನಿಲ್ಲಿಸಿ ಬೈಸಿಕೊಂಡೇನಿ ಅದರ ಸಲುವಾಗಿ! ಒಂದ ದಿನಾನೂ ತಪ್ಪಿ..."

ಅಲ್ಲಿಗೆ ಮಾತು ನಿಂತಿತು. ತಲೆಯ ಟವೆಲ್ಲಿನಲ್ಲಿ ಮೊಳೆ ತೂಗಾಡುತ್ತಿತ್ತು. ನೆಲದ ಮೇಲಿದ್ದ ಕ್ಯಾಲೆಂಡರ್ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬಳೆ ಮೊಣಕೈವರೆಗೆ ಜಾರಿದ ನನ್ನ ಕೈ ನೋಡಿದರು.

ಅಷ್ಟರಲ್ಲಿ ಸಿದ್ಧಾರ್ಥ ತಿರುಗಿ ಎದೆ ಬಡಿದುಕೊಂಡ. "ಅಯ್ಯೋ, ಎದ್ರಾ? ಮಿಸ್ಸಾಯ್ತು ಸಾರ್! ಇನ್ನೊಂದ್ಸಲ ಕೂತ್ಕೊಂಡು ಏಳ್ತೀರಾ? ಒಂದೇ ಟೇಕು!"

ಜೀವಮಾನದಲ್ಲಿ ಯಾರೂ ನನ್ನ ಗಂಡನನ್ನು ಹೀಗೆ ಕೇಳಿಕೊಂಡಿರಲಿಲ್ಲ. ಕ್ಯಾಮರಾ ಅವರೊಬ್ಬರನ್ನೇ ನೋಡುತ್ತಿತ್ತು. ಅವರು ಹಾರಗಳನ್ನು ಒಂದೊಂದಾಗಿ ತೆಗೆದು ಸಿದ್ಧಾರ್ಥನ ಕೈಗೆ ಕೊಟ್ಟು, ಹೋಗಿ ಬಾಗಿಲು ತೆಗೆದು ನಿಂತರು. ಆರು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವ ಸೀರಿಯಲ್ಲಿನಲ್ಲೂ ತೆಗೆದಿರಲಿಲ್ಲ. ಹುಡುಗರು ಕ್ಯಾಮರಾ ಎತ್ತಿಕೊಂಡು ಇಳಿದುಹೋದರು. ಹಿಂದೆಯೇ ಮುನಿತಾಯಮ್ಮನೂ ದೀಪ ಹಚ್ಚಲು ಹೋದರು.

ಸಂಜೆಗೆ "ಎದ್ದಿದ್ದು ಶ್ರೀಶೈಲನೋ, ಮಾಸ್ತರನೋ?" ಎಂದು ಬಂತಂತೆ. ನಾನು ನೋಡಲಿಲ್ಲ.

ಬಾಗಿಲು ಹಾಕಿ ಬಂದು ನನ್ನ ಎದುರಿಗೆ ಕೂತರು. ಕಾಲು ಜೋಮು ಹಿಡಿದು ಮಡಚಲು ಬರುತ್ತಿರಲಿಲ್ಲ. ನನ್ನ ಕೈ ಹಿಡಿದು, ಬಳೆಗಳನ್ನು ಮಣಿಕಟ್ಟಿಗೆ ಇಳಿಸಿ, ಫೋನಿನಲ್ಲಿ ಕೇಳುವ ಅದೇ ದನಿಯಲ್ಲಿ ಕೇಳಿದರು.

"ಊಟ ಆತೇನ?"

ಹೂಂ ಎನ್ನಲು ಬಾಯಿ ತೆಗೆದೆ, ಆಗಲಿಲ್ಲ. "ಇಲ್ರೀ" ಎಂದೆ. ಆಮೇಲೆ ನಿಜವಾಗಿ ಅತ್ತೆ.